ಗಡಿಗೆಯಲ್ಲಿಟ್ಟ ಫ್ಲಾಪಿ

ಹಸಿ ಬೂದಿಯ ವಾಸನೆ ಬಂದರೆ ನನಗೆ ಈಗಲೂ ಅಂಜಿಕೆಯಾಗುತ್ತದೆ. ಹೋದ ತಿಂಗಳು ಶಿಗ್ಗಾವಿಯಲ್ಲಿ ಪರಿಚಯದವರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಒಬ್ಬ ಮುದುಕಿ ಹಿತ್ತಾಳೆಯ ದೊಡ್ಡ ಹಂಡೆಗೆ ಬೂದಿ ಹಚ್ಚಿ ತಿಕ್ಕುತ್ತ ಕೂತಿದ್ದಳು. ಪಕ್ಕದಲ್ಲೇ ಸೋಪಿನ ಪುಡಿಯ ಡಬ್ಬಿ ಇತ್ತು, ಅವಳು ಅದನ್ನು ಮುಟ್ಟಿರಲಿಲ್ಲ. ಮೇಲಿಂದ ಮಳೆ ಜಿನುಗುತ್ತಿತ್ತು. ಊಟಕ್ಕೆ ಎಲೆ ಹಾಕಿದ್ದರು, ನನಗೆ ಹಸಿವೂ ಇತ್ತು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗೈ ಬೆವರಿತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ನನ್ನ ಮುಖ ನೋಡಿ, "ಯಾಕ್ರಿ ಮೇಡಂ, ಬಿ.ಪಿ. ಏನರ ಐತೇನ್ರಿ?" ಎಂದು ಕೇಳಿದರು. ಹುಬ್ಬಳ್ಳಿಯಲ್ಲಿ ಇಡೀ ಆಯುಷ್ಯ ಸಾಫ್ಟ್‌ವೇರ್ ಬರೆದು ನಿವೃತ್ತಳಾದವಳು ಬೂದಿಗೆ ಅಂಜುತ್ತಾಳೆ ಎಂದರೆ ಯಾರು ನಂಬುತ್ತಾರೆ? ಬಿ.ಪಿ. ಇದೆ ಎಂದೇ ಹೇಳಿ ಊಟಕ್ಕೆ ಕೂತೆ.

ಅದು ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲ. ನಾನು ಹಾನಗಲ್ಲಿನಲ್ಲಿ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು ಮುಗಿಸಿದ್ದೆ. ಆ ಶ್ರಾವಣ, ಆ ಭಾದ್ರಪದ ನಾನು ಅಂಜದೆ ಕಳೆದ ದಿನ ಒಂದೂ ಇರಲಿಲ್ಲ. ಹಾಗೆ ನೋಡಿದರೆ ನಾನು ಹುಟ್ಟಾ ಅಂಜುಬುರುಕಿ. ಗುಡುಗಿಗೆ ಅಂಜುತ್ತಿದ್ದೆ, ಹಿಂದಕ್ಕೆ ಬರುವ ಬಸ್ಸಿಗೆ ಅಂಜುತ್ತಿದ್ದೆ, ಅಂಚೆ ಕಚೇರಿಯಲ್ಲಿ ಟೆಲಿಫೋನು ಗಂಟೆ ಬಾರಿಸಿದರೆ ಯಾರೋ ಸತ್ತರು ಎಂದುಕೊಳ್ಳುತ್ತಿದ್ದೆ. ಆದರೆ ಆ ವರ್ಷದ ಅಂಜಿಕೆಯೇ ಬೇರೆ. ಅದಕ್ಕೆ ಒಂದು ಮುಖ ಇತ್ತು, ಹೆಸರಿತ್ತು. ಮತ್ತೆ ಹತ್ತಿ ಹೊಲಕ್ಕೆ ಹೋಗಬೇಕಾದೀತು ಎಂಬುದೇ ಆ ಅಂಜಿಕೆ.

ನನ್ನ ಮೊದಲ ಕೆಲಸ ಹತ್ತಿ ಹೊಲದ್ದೇ. ನಮ್ಮೂರು ತಿಳವಳ್ಳಿಯಿಂದ ಆಚೆ, ಹಿರೇಕೆರೂರ ಸೀಮೆಗೆ ಅಂಟಿಕೊಂಡ ಸಣ್ಣ ಹಳ್ಳಿ. ಅಪ್ಪ ಸವಣೂರಿನಲ್ಲಿ ಎಲೆಬಳ್ಳಿಯ ತೋಟವೊಂದರಲ್ಲಿ ದುಡಿಯುತ್ತಿದ್ದ, ಅಲ್ಲೇ ಇರುತ್ತಿದ್ದ, ಹಬ್ಬಕ್ಕೆ ಬರುತ್ತಿದ್ದ. ಊರಲ್ಲಿ ಅವ್ವ ಮತ್ತು ನಾನು. ಶ್ರಾವಣ ಬಂತೆಂದರೆ ನಮ್ಮ ಕೇರಿಯ ಹೆಂಗಸರೆಲ್ಲ ಕ್ರಾಸಿಂಗ್ ಕೆಲಸಕ್ಕೆ ಹೊರಡುತ್ತಿದ್ದರು. ಬೀಜದ ಕಂಪನಿಯವರು ಗೌಡರ ಹೊಲಗಳಲ್ಲಿ ಹೈಬ್ರಿಡ್ ಹತ್ತಿಯ ಬೀಜ ಬೆಳೆಸುವ ಕಾಲ ಅದು. ಸಂಜೆ ಮುಂದೆ, ಮರುದಿನ ಅರಳಲಿರುವ ಹೆಣ್ಣು ಸಾಲಿನ ಮೊಗ್ಗನ್ನು ಉಗುರಿನಿಂದ ಸುಲಿದು, ಒಳಗಿನ ಗಂಡು ಭಾಗ ತೆಗೆದು, ಮೇಲೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು, ಟೊಪ್ಪಿಗೆ ತೆಗೆದು, ಸವರಿ, ದಾರ ಕಟ್ಟಬೇಕು. ಹೈಸ್ಕೂಲಿನ ದಿನಗಳಲ್ಲಿ ಶಾಲೆಗೆ ಬಿಡುವಿದ್ದಾಗಲೆಲ್ಲ ನಾನೂ ಅವ್ವನ ಜೋಡಿ ಹೋಗುತ್ತಿದ್ದೆ. ಗಿಡಕ್ಕೆ ಹೊಡೆದ ಔಷಧದ ಘಾಟು ತಲೆಗೇರುತ್ತಿತ್ತು. ಮೇಸ್ತ್ರಿ ಹಿಂದಿನಿಂದ ಬಂದು ನಿಂತರೆ ಅಂಜಿಕೆಯಾಗುತ್ತಿತ್ತು. ಆದರೆ ನನಗೆ ಹೆಚ್ಚು ಅಂಜಿಕೆ ಬರುತ್ತಿದ್ದುದು ಅಲ್ಲಿದ್ದ ಹೆಂಗಸರನ್ನು ನೋಡಿ. ಎಲ್ಲರೂ ನನ್ನ ವಯಸ್ಸಿನಲ್ಲೇ ಬಂದವರು. ಯಾರೂ ಹೊರಗೆ ಹೋಗಿರಲಿಲ್ಲ.

ಕಾಲೇಜಿಗೆಂದು ಹಾನಗಲ್ಲಿಗೆ ಬಂದ ಮೇಲೆ ಎರಡನೇ ಕೆಲಸ ಸಿಕ್ಕಿತು. ಜೋಶಿ ಸರ್ ಎಂಬುವರು ಪೇಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಮುಂಜಾನೆ ಮಶೀನುಗಳ ಧೂಳು ಹೊಡೆದು, ಎಣ್ಣೆ ಬಿಟ್ಟು, ರಿಬ್ಬನ್ ಬದಲಿಸಿದರೆ ಟೈಪಿಂಗ್ ಪುಕ್ಕಟೆ ಕಲಿಯಬಹುದು ಎಂದರು. ನಾನು ಬೇಗ ಕಲಿತೆ. ಎರಡನೇ ವರ್ಷಕ್ಕೆ ಹೊಸ ಹುಡುಗ ಹುಡುಗಿಯರಿಗೆ ನಾನೇ ಬೆರಳಿಡಿಸುವ ಹಾಗಾದೆ. ಜೋಶಿ ಸರ್ ಬಾಯಿ ತುಂಬ ಅಡಿಕೆ ಹಾಕಿಕೊಂಡು ದೊಡ್ಡ ದೊಡ್ಡ ಮಾತಾಡುವ ಮನುಷ್ಯ. ಕಂಪ್ಯೂಟರ್ ಬರುವ ಎಷ್ಟೋ ಮೊದಲೇ 'ಇಲ್ಲಿ ಕಂಪ್ಯೂಟರ್ ಕಲಿಸಲಾಗುವುದು' ಎಂದು ಬೋರ್ಡು ಬರೆಸಿ ಹಾಕಿದ್ದರು. ಜನ ನಗುತ್ತಿದ್ದರು. ಕೊನೆಗೆ ಒಂದು ದಿನ ಅದು ಹುಬ್ಬಳ್ಳಿಯಿಂದ ಟೆಂಪೋದಲ್ಲಿ, ಹಾಸಿಗೆಯಲ್ಲಿ ಸುತ್ತಿಕೊಂಡು ಬಂತು.

ಒಳಗಿನ ಕೋಣೆಗೆ ಪರದೆ ಕಟ್ಟಿ ಅದನ್ನಿಟ್ಟರು. ಮೊದಲ ದಿನ ಜೋಶಿ ಸರ್ ಬಾಗಿಲಲ್ಲಿ ನಿಂತು, "ಶಕುಂತಲಾ, ಚಪ್ಪಲಿ ಹೊರಗ ಬಿಟ್ಟು ಬಾ" ಎಂದರು. ನಮ್ಮ ಕೇರಿಯವರಿಗೆ ಇಂಥ ಮಾತು ಹೊಸದಲ್ಲ. ಈ ನಿಯಮ ನನಗೊಬ್ಬಳಿಗೇ ಇರಬೇಕು ಎಂದುಕೊಂಡು ತಲೆ ತಗ್ಗಿಸಿ ಒಳಗೆ ಹೋದರೆ, ಜೋಶಿ ಸರ್ ಕೂಡ ಬರಿಗಾಲಲ್ಲೇ ನಿಂತಿದ್ದರು. "ಧೂಳು ಹೋದ್ರ ಅದಕ್ಕ ಆಗಂಗಿಲ್ಲಂತವಾ" ಎಂದರು. ಆ ದಿನದಿಂದ ಆ ಕೋಣೆಯ ಮೇಲೆ ನನಗೆ ಒಂದು ನಮೂನೆಯ ಮೋಹ ಹತ್ತಿತು.

ಅಂಜಿಕೆಯೇನೂ ಕಡಿಮೆಯಾಗಲಿಲ್ಲ. ಕೀಲಿ ಜೋರಾಗಿ ಒತ್ತಿದರೆ ಒಡೆದೀತೆ, ತಪ್ಪು ಒತ್ತಿದರೆ ಸುಟ್ಟೀತೆ ಎಂದು ಉಸಿರು ಹಿಡಿದೇ ಕೂಡುತ್ತಿದ್ದೆ. ದಪ್ಪ ಇಂಗ್ಲಿಷ್ ಪುಸ್ತಕವೊಂದಿತ್ತು. ಪಕ್ಕದಲ್ಲಿ ಶಬ್ದಕೋಶ ಇಟ್ಟುಕೊಂಡು ಓದುತ್ತಿದ್ದೆ. ಅರ್ಧ ಜೋಶಿ ಸರ್‌ಗೆ ತಿಳಿಯುತ್ತಿತ್ತು, ಇನ್ನರ್ಧ ನನಗೆ. ಇಬ್ಬರಿಗೂ ತಿಳಿಯದ ಭಾಗ ಬಂದಾಗ ಅವರು ಅಡಿಕೆ ಉಗುಳಲು ಹೊರಗೆ ಹೋಗುತ್ತಿದ್ದರು. ಆದರೂ ನಾನು ಹೇಳಿದ ಹಾಗೆ ಅದು ಕೇಳಿದ ಮೊದಲ ಸಲ, ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ, ನಾನು ನಿಜವಾಗಿ ಬಾಯಿ ಮುಚ್ಚಿಕೊಂಡು ಅತ್ತೆ.

ಕೊನೆಯ ಪರೀಕ್ಷೆ ಮುಗಿದ ಆ ಬೇಸಿಗೆಯಲ್ಲಿ ಬೀಜದ ಕಂಪನಿಯ ಕೆಲಸವೊಂದು ಜೋಶಿ ಸರ್‌ಗೆ ಬಂತು. ಹಾನಗಲ್ಲು, ಹಿರೇಕೆರೂರು, ರಟ್ಟೀಹಳ್ಳಿ ಸುತ್ತಲಿನ ಯಾವ ಊರಲ್ಲಿ ಯಾರ ಹೊಲದಲ್ಲಿ ಯಾವ ಬೀಜ ಬೆಳೆಯುತ್ತಿದೆ, ಯಾವ ಹೊಲದ ಪಕ್ಕ ಯಾವ ಹೊಲ, ಬಂದ ಚೀಲ ಯಾವ ಹೊಲದ್ದು ಎಂದು ಕೇಳಿದ ಕೂಡಲೇ ಕಂಪ್ಯೂಟರ್ ಹೇಳುವ ಹಾಗೆ ಮಾಡಬೇಕು. ಕೆಲಸ ಹಿಡಿದವರು ಜೋಶಿ ಸರ್, ಮಾಡಿದವಳು ನಾನು. ಹತ್ತಿ ಹೊಲ ನನಗೆ ಗೊತ್ತಿತ್ತು, ಹಾಗಾಗಿ ಏನು ಕೇಳುತ್ತಿದ್ದಾರೆಂಬುದು ತಿಳಿಯುತ್ತಿತ್ತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಆಷಾಢ ಮುಗಿಯುವುದರೊಳಗೆ ಅದು ನಡೆಯತೊಡಗಿತು.

ಒಂದು ದಿನ ಜೋಶಿ ಸರ್ ನನ್ನನ್ನು ಕೂರಿಸಿಕೊಂಡು ಹೇಳಿದರು. "ಹುಬ್ಬಳ್ಳಿಯಿಂದ ಕಂಪನಿ ಸಾಹೇಬ್ರು ಬಂದು ನೋಡ್ತಾರ. ಇದನ್ನ ಮಾಡಿದಾಕಿ ನೀನ ಅಂತ ನಾ ಅವರಿಗೆ ಹೇಳೇನಿ. ಛಲೋ ನಡೀತಂದ್ರ ನಿನ್ನ ಅವರ ಆಫೀಸಿಗೆ ತಗೋತಾರ. ನನ್ನ ಹತ್ರ ಮಶೀನ್ ಒರಸ್ಕೋತ ಎಷ್ಟು ದಿನಾ ಇರ್ತಿ?"

"ನಡೀಲಿಲ್ಲಂದ್ರರಿ?"

ಅದಕ್ಕೆ ಉತ್ತರ ನನಗೇ ಗೊತ್ತಿತ್ತು. ಓದು ಮುಗಿದಿತ್ತು. ನಾನಿದ್ದ ಹಾಸ್ಟೆಲ್ಲನ್ನು ತಿಂಗಳ ಕೊನೆಗೆ ಬಿಡಬೇಕಿತ್ತು. ಊರಲ್ಲಿ ಮೇಸ್ತ್ರಿ ಆಗಲೇ ಅವ್ವನಿಗೆ, "ಮಗಳು ಬರ್ತಾಳಲ್ಲ ಈ ಹಂಗಾಮಿಗೆ?" ಎಂದು ಕೇಳಿದ್ದ. ಅವ್ವ "ನೋಡೂಣ್ರಿ" ಎಂದಿದ್ದಳಂತೆ. ಈ ನೋಡೋಣ ಎಂಬ ಮಾತಿನ ಒಂದು ಬದಿಗೆ ಹುಬ್ಬಳ್ಳಿ, ಇನ್ನೊಂದು ಬದಿಗೆ ಔಷಧದ ಘಾಟು. ನಡುವೆ ನಾನು.

ಕೆಲಸವೆಲ್ಲ ಇದ್ದದ್ದು ಒಂದು ಫ್ಲಾಪಿಯಲ್ಲಿ. ಈಗಿನವರು ಅದನ್ನು ನೋಡಿರಲಿಕ್ಕಿಲ್ಲ. ಕರಿಯ ಚೌಕದ ತೆಳ್ಳನೆಯ ಹಾಳೆಯಂಥ ವಸ್ತು, ನಡುವೆ ಒಂದು ತೂತು, ಒಳಗೆ ತಿರುಗುವ ಕಂದು ಬಣ್ಣದ ದುಂಡು ಬಿಲ್ಲೆ. ಬಾಗಿಸಿದರೆ ಬಾಗುತ್ತಿತ್ತು, ಬೆರಳು ಹತ್ತಿದರೆ ಕೆಡುತ್ತಿತ್ತು. ನನಗಂತೂ ಅದರ ಮೇಲೆ ಕಣ್ಣಿಡುವುದೇ ಒಂದು ಉದ್ಯೋಗವಾಯಿತು. ಹಾಳಾದರೆ ಇರಲಿ ಎಂದು ಇನ್ನೊಂದರಲ್ಲಿ ನಕಲು ತೆಗೆದು ಕಪಾಟಿನಲ್ಲಿಟ್ಟೆ. ಆದರೆ ಕ್ಲಾಸಿನ ಹಂಚು ಸೋರುತ್ತಿತ್ತು, ಕಪಾಟಿನ ಮೇಲೇ ಸೋರುತ್ತಿತ್ತು. ಅದಕ್ಕೇ ಮೂರನೆಯದೊಂದು ನಕಲು ಮಾಡಿ, ಪಂಚಮಿಗೆ ಊರಿಗೆ ಹೋದಾಗ ಅವ್ವನ ಕೈಗೆ ಕೊಟ್ಟೆ. ನಮ್ಮ ಮನೆಯ ತಗಡು ಸೋರುತ್ತಿರಲಿಲ್ಲ.

ಅವ್ವ ಉಂಡಿ ಕಟ್ಟುತ್ತಿದ್ದವಳು ಕೈ ಒರೆಸಿಕೊಂಡು ಅದನ್ನು ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. "ಏನಿದು?"

ಹೇಗೆ ಹೇಳಬೇಕೋ ತಿಳಿಯಲಿಲ್ಲ. "ಇದು ಬೀಜ ಇದ್ದಂಗವ್ವ. ಅಲ್ಲಿ ಬೆಳದದ್ದೆಲ್ಲಾ ಹಾಳಾದ್ರೂ ಇದೊಂದಿದ್ರ ಮತ್ತ ಬೆಳಕೋಬಹುದು. ಥಂಡಿ ಹತ್ತಬಾರದು, ಇಲಿ ಮುಟ್ಟಬಾರದು. ಜ್ವಾಪಾನ ಇಡು."

"ಬೀಜ ಇಡೂದು ನನಗ ಹೇಳಿಕೊಡ್ತಿ ಏನ?" ಎಂದು ಅವ್ವ ನಕ್ಕಳು. ನನಗೆ ಅಷ್ಟು ಸಮಾಧಾನ ಆ ವರ್ಷದಲ್ಲಿ ಮತ್ತೆ ಆಗಲಿಲ್ಲ.

ಸಾಹೇಬರು ಬರುವುದು ಸೋಮವಾರ ಎಂದು ಗೊತ್ತಾಯಿತು. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನದಿಂದಲೇ ಮೋಡ ಕವಿದು ಕೋಣೆ ಕತ್ತಲಾಗಿತ್ತು. ಗುಡುಗಿದಾಗಲೆಲ್ಲ ಕರೆಂಟು ಮಿಣುಕುತ್ತಿತ್ತು. "ಬಂದ್ ಮಾಡೂಣೇನ್ರಿ ಸರ್?" ಎಂದೆ. "ಇದೊಂದು ಊರಿನ ಹೆಸರು ಹಾಕಿ ಮುಗಸು" ಎಂದರು. ಹಾಕಿದೆ. ಉಳಿಸಿಡುವ ಕೀಲಿ ಒತ್ತಿದೆ. ಅದೇ ಕ್ಷಣಕ್ಕೆ ಸಿಡಿಲು ಹೊಡೆಯಿತು. ಪರದೆ ಒಮ್ಮೆ ಬೆಳ್ಳಗಾಗಿ ಆರಿಹೋಯಿತು.

ಕರೆಂಟು ತಿರುಗಿ ಬಂದ ಮೇಲೆ ಕಂಪ್ಯೂಟರ್ ಎದ್ದಿತು. ಆದರೆ ಫ್ಲಾಪಿ ತೂರಿಸಿ ಓದಿಸುವ ಎರಡು ಡ್ರೈವುಗಳಲ್ಲಿ, ನಾನು ಫ್ಲಾಪಿ ಹಾಕಿದ್ದ ಎರಡನೆಯದರಿಂದ ಎಂದೂ ಕೇಳದ ಸಪ್ಪಳ ಬಂತು, ಬಟ್ಟಲಲ್ಲಿ ಉಸುಕು ಹಾಕಿ ತಿಕ್ಕಿದ ಹಾಗೆ. ಓದಲಾಗುವುದಿಲ್ಲ ಎಂದು ಪರದೆ ಹೇಳಿತು. ಜೋಶಿ ಸರ್ ಗಾಬರಿಯಲ್ಲಿ ಕಪಾಟು ತೆಗೆದು, "ಇನ್ನೊಂದು ಐತಲ್ಲ, ಅದನ್ನ ಹಾಕು" ಎಂದರು. ಹಾಕಿದೆ, ಅದೇ ಡ್ರೈವಿಗೆ. ಅದೇ ಸಪ್ಪಳ. ಕೆಟ್ಟದ್ದು ಫ್ಲಾಪಿಯಲ್ಲ, ಡ್ರೈವು. ತನ್ನ ಬಾಯಿಗೆ ಹಾಕಿದ್ದನ್ನೆಲ್ಲ ಅದು ಗೀರಿ ಹಾಕುತ್ತಿದೆ ಎಂಬುದು ನಮಗೆ ತಿಳಿದದ್ದು ಎರಡನೆಯದೂ ಹೋದ ಮೇಲೆ.

ಜೋಶಿ ಸರ್ ನೆಲದ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ತಲೆಯೆತ್ತಿ, "ಮೂರನೇದು ಎಲ್ಲೈತಿ?" ಎಂದರು.

"ಅವ್ವನ ಹತ್ರ ಐತ್ರಿ."

"ಒಂದನೇ ಡ್ರೈವ್ ನೆಟ್ಟಗೈತಿ. ಮೂರನೇದನ್ನ ತಂದ್ರ ನಡೀತೈತಿ. ಮತ್ತ ಇವೆರಡನ್ನೂ ಒಯ್ಯವಾ, ನನ್ನ ಕಣ್ಣಿಗೆ ಬೀಳೂದು ಬ್ಯಾಡ." ಕೆಟ್ಟ ಫ್ಲಾಪಿ ಎರಡನ್ನೂ ನನ್ನ ಚೀಲಕ್ಕೆ ಹಾಕಿದರು.

ಶನಿವಾರ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಓಡಿದೆ. ನಮ್ಮ ಕಡೆಯ ಬಸ್ಸು ದಿನಾ ಊರುಗಳಿಂದ ಬುತ್ತಿ ಗಂಟು ತರುತ್ತಿತ್ತು. ಓದುವ ಮಕ್ಕಳಿಗೆ ತಾಯಂದಿರು ರೊಟ್ಟಿ ಪಲ್ಯ ಕಟ್ಟಿ ಡ್ರೈವರನ ಕೈಗೆ ಕೊಟ್ಟು ಕಳಿಸುತ್ತಿದ್ದರು. ನನ್ನ ಅವ್ವನ ಗಂಟೂ ಅದರಲ್ಲೇ ಬರುತ್ತಿತ್ತು. ಆ ದಿನ ಹುಡುಗರೆಲ್ಲ ಕಾದು ನಿಂತಿದ್ದರು, ಬಸ್ಸು ಬರಲಿಲ್ಲ. ತಿಳವಳ್ಳಿಯ ಆಚೆ ಹಳ್ಳ ಏರಿ ರಸ್ತೆ ಮುಚ್ಚಿದೆ ಎಂದು ಕಂಟ್ರೋಲರ್ ಹೇಳಿದ. ಹುಡುಗರು ಹಸಿವಿಗೆ ಬೈದುಕೊಂಡು ಹೋದರು. ನಾನು ಕಂಬ ಹಿಡಿದು ನಿಂತೆ.

ತಿಳವಳ್ಳಿಯವರೆಗಾದರೂ ಹೋಗುವ ಬಸ್ಸು ಮಧ್ಯಾಹ್ನ ಸಿಕ್ಕಿತು. ಅಲ್ಲಿಂದ ನಡೆದೆ. ಹಳ್ಳದ ದಂಡೆಗೆ ಬಂದಾಗ ನೀರು ಇಳಿಯುತ್ತಿತ್ತಾದರೂ ಕೆಂಪಗೆ, ಸುಳಿ ಸುಳಿಯಾಗಿ ಹರಿಯುತ್ತಿತ್ತು. ಒಂದು ಬೇಲಿಯ ಮುಳ್ಳು ಹಾಗೇ ಇಡಿಯಾಗಿ ತೇಲಿ ಹೋಯಿತು. ನಮ್ಮೂರ ಕಡೆಯ ನಾಲ್ಕು ಜನ ಕೈ ಕೈ ಹಿಡಿದು ದಾಟುತ್ತಿದ್ದರು. ನನ್ನನ್ನು ನಡುವೆ ಸೇರಿಸಿಕೊಂಡರು. ತೊಡೆಮಟ ನೀರು. ಕಾಲಡಿಯ ಕಲ್ಲು ಸರಿಯಿತು. ಮುಂದಿದ್ದ ಮುದುಕ, "ನೀರು ನೋಡಬ್ಯಾಡವಾ, ದಂಡಿ ನೋಡು" ಎಂದು ಗದರಿದ. ದಂಡೆ ನೋಡುತ್ತಲೇ ದಾಟಿದೆ, ಆದರೆ ನನ್ನ ಯೋಚನೆಯೆಲ್ಲ ಒಂದೇ: ಇದನ್ನು ಆ ಫ್ಲಾಪಿ ಹಿಡಿದುಕೊಂಡು ತಿರುಗಿ ದಾಟಬೇಕಲ್ಲ.

ಮನೆ ಮುಟ್ಟಿದಾಗ ಅವ್ವ ದೀಪ ಹಚ್ಚುತ್ತಿದ್ದಳು. ನನ್ನ ತೊಯ್ದ ಸೀರೆ ನೋಡಿ ಹೌಹಾರಿದಳು. ನಾನು ಕೂಡಲಿಲ್ಲ. "ಅವ್ವಾ, ಪಂಚಮಿಗೆ ಕೊಟ್ಟಿದ್ದೆನಲ್ಲ, ಅದು ಎಲ್ಲೈತಿ?"

"ನಿನ್ನ ಬೀಜೇನು? ಐತಿ. ಭಾಳ ಜ್ವಾಪಾನ ಇಟ್ಟೇನಿ."

ಒಲೆಯ ಮೇಲಿನ ಅಟ್ಟದ ಕಡೆ ಕೈ ಚಾಚಿ, ಮಸಿ ಹಿಡಿದ ಮಣ್ಣಿನ ಗಡಿಗೆಯೊಂದನ್ನು ಇಳಿಸಿದಳು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಸಗಣಿ ಮೆತ್ತಿತ್ತು. ಆ ಗಡಿಗೆ ನಾನು ನೋಡದ್ದೇನಲ್ಲ. ಪ್ರತಿ ವರ್ಷ ಅವ್ವ ಅದರಲ್ಲಿ ಹೀರೆ, ಅವರೆ, ಸವತೆಯ ಬೀಜ ಇಡುತ್ತಿದ್ದಳು. ಸಗಣಿ ಒಡೆದು, ಬಟ್ಟೆ ಬಿಚ್ಚಿ, ಮೊಣಕೈತನಕ ಕೈ ಹಾಕಿದಳು. ಬೂದಿ ಮೇಲೆದ್ದಿತು. ಮೊದಲು ಬೇವಿನ ಒಣಗಿದ ಎಲೆ ಬಂದವು. ಆಮೇಲೆ ಫ್ಲಾಪಿ ಬಂತು.

ಕರಿಯದು ಬೆಳ್ಳಗಾಗಿತ್ತು. ನಡುವಿನ ತೂತಿನಿಂದ ಬೂದಿ ಸುರಿಯಿತು.

"ಬೂದ್ಯಾಗ ಯಾಕಿಟ್ಟಿಯವ್ವಾ?" ಎಂದೆ.

"ಮತ್ತ ಬೀಜಾ ಎಲ್ಲಿಡ್ತಾರ? ನೀನ ಬೀಜ ಅಂದಿ. ಬೂದಿ ಇಲ್ಲಂದ್ರ ಹುಳಾ ಬೀಳ್ತಾವ, ಥಂಡಿ ಹಿಡೀತೈತಿ. ಅದಕ್ಕೊಂದು ಕಾಗದದ ಅಂಗಿ ಇತ್ತು, ಅದು ಮೆತ್ತಗಾಗಿತ್ತು, ತಗದು ಒಗದೆ." ಹೇಳುತ್ತ ಹೇಳುತ್ತ ಅವ್ವ ನನ್ನ ಮುಖ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. "ಯಾಕ? ತಪ್ಪಾತೇನ?"

ತಪ್ಪು ಎಂದು ಹೇಗೆ ಹೇಳಲಿ? ಬೀಜ ಎಂದವಳು ನಾನು. ಅವಳು ಬೀಜವನ್ನು ಹೇಗಿಡಬೇಕೋ ಹಾಗೆಯೇ ಇಟ್ಟಿದ್ದಳು, ಇಡೀ ಊರಲ್ಲಿ ಅವಳಷ್ಟು ಚೆನ್ನಾಗಿ ಇಡುವವರಿರಲಿಲ್ಲ. ಒಂದು ಕೂದಲು ಬಿದ್ದರೆ ಹಾಳಾಗುವ ವಸ್ತುವಿನ ಹೊಟ್ಟೆಯೊಳಗೆ ಈಗ ಒಂದು ಮುಷ್ಟಿ ಬೂದಿ ಇತ್ತು. ನಾನು ಗೋಡೆಗೆ ಒರಗಿ ಕೂತೆ.

ಅವ್ವ ನನ್ನ ಎದುರು ಕುಕ್ಕುರುಗಾಲಲ್ಲಿ ಕೂತಳು. "ಸತ್ತೈತೇನ ಅದು?"

"ಗೊತ್ತಿಲ್ಲವ್ವ."

"ಸತ್ತೈತೋ ಬದುಕೈತೋ ನೀರಾಗ ಹಾಕಿ ನೋಡೂಣೇನ?"

ಬೀಜ ಪೊಳ್ಳೋ ಗಟ್ಟಿಯೋ ನೋಡಲು ಹಾಗೆ ಮಾಡುತ್ತಾರೆ. ನನಗೆ ಸಿಟ್ಟು ಬಂತು, ನಗುವೂ ಬಂತು. "ಅದು ಬೀಜ ಅಲ್ಲವ್ವಾ!" ಎಂದು ಚೀರಿದೆ. ಚೀರಿ ಸುಮ್ಮನಾದ ಮೇಲೆ ತಲೆಯಲ್ಲಿ ಒಂದು ಯೋಚನೆ ಬಂತು. ಬೂದಿ ಹತ್ತಿದ್ದನ್ನು ತೊಳೆಯದೆ ಮತ್ತೇನು ಮಾಡುತ್ತಾರೆ? ಒಳಗಿನ ಬಿಲ್ಲೆ ಪ್ಲಾಸ್ಟಿಕ್ಕಿನದು. ನೀರು ಬಿದ್ದರೆ ಅದರ ಮೇಲಿನ ಕಂದು ಬಣ್ಣ ಕರಗುತ್ತದೋ ಇಲ್ಲವೋ ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಆದರೆ ಚೀಲದಲ್ಲಿ ಎರಡು ಕೆಟ್ಟ ಫ್ಲಾಪಿ ಇದ್ದವಲ್ಲ.

ರವಿವಾರ ಬೆಳಕು ಹರಿದ ಕೂಡಲೇ, ಜೋಶಿ ಸರ್ ಕೊಟ್ಟ ಕೆಟ್ಟದ್ದೊಂದನ್ನು ಬ್ಲೇಡಿನಿಂದ ಅಂಚು ಸೀಳಿ ತೆರೆದೆ. ಒಳಗಿನ ದುಂಡನ್ನು ತೆಗೆದು, ತಂಬಿಗೆಯಲ್ಲಿ ಹಿಡಿದ ಮಳೆನೀರಲ್ಲಿ ಅದ್ದಿದೆ. ಬಣ್ಣ ಬಿಡಲಿಲ್ಲ. ಇನ್ನೊಮ್ಮೆ ಅದ್ದಿದೆ, ಬಿಡಲಿಲ್ಲ. ಅದರ ಕರಿಯ ಅಂಗಿಯನ್ನು ಒರೆಸಿ ಬದಿಗಿಟ್ಟೆ. ಇನ್ನು ಅವ್ವನ ಗಡಿಗೆಯದನ್ನು ಸೀಳಬೇಕು. ಬ್ಲೇಡು ಹಿಡಿದರೆ ಗೆರೆ ಸೊಟ್ಟ ಹೋಗುತ್ತಿತ್ತು. ಒಳಗಿನದಕ್ಕೆ ಬ್ಲೇಡು ತಾಗಿದರೆ ಮುಗಿಯಿತು.

"ಕೊಡಿಲ್ಲೆ" ಎಂದಳು ಅವ್ವ. "ಒಳಗ ಏನೈತಿ?"

"ತೆಳ್ಳಂದು ಒಂದು ದುಂಡೈತಿ. ಅದರ ಮಾರಿ ಮುಟ್ಟಬಾರದು. ಅಂಚು ಅಷ್ಟ ಹಿಡೀಬೇಕು."

ಅವ್ವ ಬ್ಲೇಡು ಬದಿಗಿಟ್ಟು, ಹೆಬ್ಬೆರಳಿನ ಉಗುರನ್ನು ಅಂಚಿನ ಬೆಸುಗೆಯೊಳಗೆ ತೂರಿಸಿ ಎಬ್ಬಿಸಿದಳು. ಕಡ್ಡಿ ಮುರಿದಂತೆ ಸಣ್ಣ ಸಪ್ಪಳವಾಗಿ ಅದು ಬಾಯಿ ಬಿಟ್ಟಿತು. ಎರಡು ಬೆರಳ ತುದಿಯಲ್ಲಿ ಅಂಚು ಹಿಡಿದು, ಉಸಿರು ಬಿಗಿಹಿಡಿದು ಎಳೆದಳು. ನಾನು ನೀರು ಹೊಯ್ದೆ. ಬೂದಿ ಇಳಿದು ಹೋಗತೊಡಗಿತು. ಆ ಹಸಿ ಬೂದಿಯ ವಾಸನೆ ಇಡೀ ಪಡಸಾಲೆ ತುಂಬಿತು. ಅವ್ವ ಹಿಡಿದ ಕೈ ಅಲುಗಾಡಲಿಲ್ಲ. ನಾನು ಹೊಯ್ಯುವ ನೀರು ಮಾತ್ರ ಅತ್ತ ಇತ್ತ ಚೆಲ್ಲುತ್ತಿತ್ತು.

ಒರೆಸುವ ಹಾಗಿರಲಿಲ್ಲ, ಬಿಸಿಲಿರಲಿಲ್ಲ, ಬೆಂಕಿಯ ಹತ್ತಿರ ಇಡುವಂತಿರಲಿಲ್ಲ. ಅಪ್ಪನ ಹಳೆಯ ಧೋತರದ ಮೇಲೆ ಅದನ್ನು ಹಾಸಿ ಮೇಲೆ ಬುಟ್ಟಿ ಮುಚ್ಚಿದೆವು. ಹೊರಗೆ ಮಳೆ ಹಿಡಿದೇ ಇತ್ತು. ಹೊಗೆ ಹತ್ತೀತು ಎಂದು ಅವ್ವ ಅಂದು ಒಲೆ ಹಚ್ಚಲಿಲ್ಲ. ಹಿಂದಿನ ದಿನದ ಕಟಿ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ತಿಂದು, ಬುಟ್ಟಿಯ ಆಚೆ ಒಬ್ಬರು ಈಚೆ ಒಬ್ಬರು ಕೂತೆವು. ಮನೆಯಲ್ಲಿ ಹೆಣ ಇದ್ದರೆ ಕೂಡುವ ಹಾಗೆ ಇತ್ತು ಅದು. ಸಂಜೆಗೆ ಆ ದುಂಡನ್ನು ಒರೆಸಿಟ್ಟಿದ್ದ ಕರಿಯ ಅಂಗಿಯೊಳಗೆ ಸೇರಿಸಿ, ಅಂಟು ಹಚ್ಚಿ ಮುಚ್ಚಿದೆ.

ಸೋಮವಾರ ಎದ್ದು ನೋಡಿದರೆ ಆಕಾಶ ತಿಳಿಯಾಗಿತ್ತು. ಎಷ್ಟೋ ದಿನದ ಮೇಲೆ ಬಿಸಿಲು. ಕೇರಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟರು. ಮಳೆಯಲ್ಲಿ ನಿಂತಿದ್ದ ಕ್ರಾಸಿಂಗ್ ಅಂದು ಮತ್ತೆ ಶುರುವಾಗಬೇಕು. ಅಂಥ ದಿನ ತಪ್ಪಿಸಿದವರನ್ನು ಮೇಸ್ತ್ರಿ ಮತ್ತೆ ಕರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅವ್ವನನ್ನು ಕೂಗಲು ಬಂದವರಿಗೆ, "ನಡೀರಿ, ಹಳ್ಳ ದಾಟಿಸಿ ಬರ್ತೇನಿ" ಎಂದಳು. ಹಳ್ಳದಲ್ಲಿ ಮೊಣಕಾಲಮಟ ನೀರಿತ್ತು. ಫ್ಲಾಪಿಯನ್ನು ಎರಡು ತಾಟುಗಳ ನಡುವೆ ಇಟ್ಟು ಬಟ್ಟೆಯಲ್ಲಿ ಕಟ್ಟಿ ಅವ್ವ ತಲೆಯ ಮೇಲೆ ಹೊತ್ತಳು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದಳು. ದಾಟಿದೆವು. ಬಸ್ಸು ಬಂತು.

"ಇನ್ನ ನೀ ಹೊಲಕ್ಕ ಹೋಗವ್ವ, ಹೊತ್ತಾತು" ಎಂದೆ.

ಅವ್ವ ಗಂಟು ಕೊಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ನನಗಿಂತ ಮೊದಲೇ ಬಸ್ಸು ಹತ್ತಿದಳು.

ಕ್ಲಾಸಿಗೆ ಬಂದಾಗ ಸಾಹೇಬರು ಆಗಲೇ ಚಹಾ ಕುಡಿಯುತ್ತ ಕೂತಿದ್ದರು. ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಜೋಶಿ ಸರ್ ಕಣ್ಣಲ್ಲೇ ನನ್ನನ್ನು ಕೇಳಿದರು, ನಾನು ಕಣ್ಣು ತಪ್ಪಿಸಿದೆ. ಅವ್ವ ಹೊರಗೆ ಮೆಟ್ಟಿಲ ಮೇಲೆ ಕೂತಳು, ಒಳಗೆ ಬಾ ಎಂದರೂ ಬರಲಿಲ್ಲ. ನಾನು ಒಂದನೇ ಡ್ರೈವಿಗೆ ಫ್ಲಾಪಿ ಹಾಕಿ ಹಿಡಿಕೆ ತಿರುಗಿಸಿದೆ. ಕೆಂಪು ದೀಪ ಹತ್ತಿತು. ಒಳಗೆ ಏನೋ ತಿರುಗಿತು, ನಿಂತಿತು. ಓದಲಾಗುತ್ತಿಲ್ಲ, ಮತ್ತೆ ನೋಡಲೇ ಎಂದು ಪರದೆ ಕೇಳಿತು. ಜೋಶಿ ಸರ್ ತುಟಿ ಅಲುಗಾಡುತ್ತಿದ್ದವು. ಮತ್ತೆ ನೋಡು ಎಂದು ಒತ್ತಿದೆ. ಮತ್ತೆ ಅದೇ. ಮತ್ತೆ ಒತ್ತಿದೆ. ಈ ಸಲ ತಿರುಗಿದ್ದು ನಿಲ್ಲಲಿಲ್ಲ. ಹಸಿರು ಅಕ್ಷರ ಒಂದೊಂದಾಗಿ ಮೇಲೆದ್ದವು. ರಟ್ಟೀಹಳ್ಳಿ ಬಂತು, ಹಿರೇಕೆರೂರು ಬಂತು.

ಸಾಹೇಬರು ತಾವೇ ಕೂತು ಊರೂರಿನ ಹೆಸರು ಹೊಡೆದು ನೋಡಿದರು. ಬಹಳ ಹೊತ್ತು ನೋಡಿದರು. "ಇಲ್ಲೆ ಒಂದು ಊರಿನ ಹೊಲಗಳು ಅರ್ಧಕ್ಕ ನಿಲ್ತಾವಲ್ರಿ?" ಎಂದರು.

ಸುಳ್ಳು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಸಿಡಿಲು, ಗಡಿಗೆ, ಬೂದಿ, ಮಳೆನೀರು ಎಲ್ಲ ಹೇಳಿದೆ. ಜೋಶಿ ಸರ್ ತಲೆಯ ಮೇಲೆ ಕೈಯಿಟ್ಟುಕೊಂಡರು.

"ನೀರಾಗ ತೊಳದ್ರೇನ್ರಿ?" ಎಂದರು ಸಾಹೇಬರು. "ಅಂಜಿಕಿ ಬರಲಿಲ್ಲ?"

"ಬಂತ್ರಿ. ಈಗೂ ಐತ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಒಂದನೇ ತಾರೀಖಿಗೆ ಹುಬ್ಬಳ್ಳಿಗೆ ಬರ್ರಿ" ಎಂದರು. ನನಗೆ ಒಬ್ಬ ದೊಡ್ಡ ಮನುಷ್ಯ 'ಬರ್ರಿ' ಎಂದದ್ದು ಅದೇ ಮೊದಲು. ಯಾರಿಗೆ ಹೇಳಿದರೋ ಎಂದು ಹಿಂದೆ ತಿರುಗಿ ನೋಡಿದೆ.

ಹೊರಗೆ ಓಡಿ ಬಂದು ಅವ್ವನ ಪಕ್ಕ ಕೂತು ಹೇಳಿದೆ. "ಬದುಕಿತ್ತವ್ವ. ಹುಬ್ಬಳ್ಳಿಗೆ ಬಾ ಅಂದಾರ."

ಅವ್ವ ನಗುತ್ತಾಳೆ ಎಂದು ಕಾದೆ. ಅವಳು ಬೀದಿ ನೋಡುತ್ತ ಕೂತಳು. ಆಮೇಲೆ, "ನನಗ ಎರಡು ಅಂಜಿಕಿ ಇದ್ದುವು ಸಕ್ಕೂ" ಎಂದಳು. "ಅದು ಸತ್ತರ ನಿನ್ನ ಮಾರಿ ಹೆಂಗ ನೋಡ್ಲಿ ಅಂತ ಒಂದು. ಬದುಕಿದರ ನೀ ಹೋಗ್ತಿ ಅಂತ ಒಂದು. ಒಂದರ ಹೋತಲ್ಲ, ಬಿಡು." ಸೆರಗಿನಿಂದ ಮುಖ ಒರೆಸಿಕೊಂಡು, ಹೊತ್ತಾಯಿತು ಎಂದು ಎದ್ದಳು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದಳು.

ಹುಬ್ಬಳ್ಳಿಯಲ್ಲಿ ಹೊಸ ಕೆಲಸ, ಹೊಸ ಅಂಜಿಕೆಗಳು. ದೀಪಾವಳಿಗೇ ನಾನು ಊರಿಗೆ ಹೋದದ್ದು. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಆ ಬೆರಳು ಮೆತ್ತಗಿದ್ದವು. ಕ್ರಾಸಿಂಗ್ ಹಂಗಾಮು ಮುಗಿಯುವಾಗ ಹೆಂಗಸರ ಬೆರಳ ತುದಿ ಹತ್ತಿಯ ರಸಕ್ಕೆ ಕಪ್ಪಾಗಿ, ಸೀಳು ಬಿಟ್ಟು, ಕೂದಲಿಗೆ ಸಿಕ್ಕಿ ಎಳೆಯುತ್ತವೆ. ಆ ಮುಂಜಾನೆಯಷ್ಟೇ ಪಕ್ಕದ ಮನೆಯವರ ಬೆರಳು ನೋಡಿದ್ದೆ, ಹಾಗೇ ಇದ್ದವು. ನಾನು ಅವ್ವನ ಕೈ ಹಿಡಿದು ಮುಂದೆ ಎಳೆದುಕೊಂಡು ನೋಡಿದೆ. ಸ್ವಚ್ಛವಾಗಿತ್ತು, ಒಂದು ಗೀರೂ ಇರಲಿಲ್ಲ.

"ಆ ಸೋಮವಾರದಿಂದ ನಿನ್ನ ಕರೀಲೇ ಇಲ್ಲೇನವ್ವ?"

ಅವ್ವ ಕೈ ಬಿಡಿಸಿಕೊಂಡು ಮತ್ತೆ ಎಣ್ಣೆ ತಗೊಂಡಳು. "ಮುಂದಿನ ವರ್ಷ ಕರೀತಾರ ತಗೋ" ಎಂದಳು.

ಕರೆಯಲಿಲ್ಲ.